ವಾಯು ಎಂಬ ಹೆಸರು ಒಂದೇ, ಬೇನೆ ಹಲವು

ಹೋದ ತಿಂಗಳ ಒಂದು ಸೋಮವಾರ ದೇವದುರ್ಗ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಾಯಿಯವರನ್ನು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ತೋರಿಸಿಕೊಂಡು, ಹಾಗೆಯೇ ಸೂಗೂರೇಶ್ವರನ ದರ್ಶನವನ್ನೂ ಮಾಡಿಸೋಣವೆಂದು ದೇವಸುಗೂರಿಗೆ ಬಂದಿದ್ದ. ಅಲ್ಲಿಂದ ನಮ್ಮ ಮನೆಗೂ ಬಂದರು. ಆ ಹಿರಿಯರು ನಮ್ಮ ಕಟ್ಟೆಯ ಮೇಲೆ ಕುಳಿತುಕೊಳ್ಳಲು ಪಟ್ಟ ಪಾಡನ್ನು ನೋಡಿ ನನಗೆ ಸಂಕಟವಾಯಿತು. ಬೆನ್ನು ಕೋಲಿನಂತೆ ಸೆಟೆದಿತ್ತು. ಪಕ್ಕಕ್ಕೆ ನೋಡಬೇಕಾದರೆ ಕುತ್ತಿಗೆಯ ಬದಲು ಇಡೀ ದೇಹವನ್ನೇ ತಿರುಗಿಸುತ್ತಿದ್ದರು.

"ಹತ್ತು ವರ್ಷದಿಂದ ವಾಯು ಅಂತ ತಿಳಕೊಂಡಿದ್ವಿ ಸರ. ಅಂಗಡಿಯಾಗಿನ ಗುಳಿಗಿ ತೊಗೊಂಡ್ರ ಎರಡು ದಿನ ಆರಾಮ, ಮತ್ತ ಅದ ಬ್ಯಾನಿ. ಇವತ್ತು ಡಾಕ್ಟರು ಅವ್ವನ ಹಲ್ಲು ನೋಡಿದ್ರು, ನನ್ನ ಹಲ್ಲೂ ನೋಡಿದ್ರು, ಯಾವ ನೀರು ಕುಡೀತೀರಿ ಅಂತ ಕೇಳಿದ್ರು" ಎಂದು ಆತ ಹೇಳಿದ. ಮುಂಗೈಯ ಎಕ್ಸ್‌ರೇ ತೆಗೆಸಿದ್ದರಂತೆ. ಅಲ್ಲಿ ಎರಡು ಎಲುಬುಗಳ ನಡುವಿನ ತೆಳುಪೊರೆ ಸುಣ್ಣಗಟ್ಟಿರುವುದು ಕಂಡಿತಂತೆ. ಅದು ನೀರಿನಲ್ಲಿರುವ ಫ್ಲೋರೈಡಿನಿಂದ ಬರುವ ಬೇನೆ, ಫ್ಲೋರೋಸಿಸ್.

ಅವರು ಹೋದ ಮೇಲೆ ಎಷ್ಟೋ ಹೊತ್ತು ನಾನು ಕಟ್ಟೆಯ ಮೇಲೆಯೇ ಕುಳಿತಿದ್ದೆ. ನಮ್ಮ ಎಡೆದೊರೆ ನಾಡಿನಲ್ಲಿ, ಎಂದರೆ ಕೃಷ್ಣಾ ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ, ಕೀಲು ನೋಯುವ ಮನುಷ್ಯನಿಗೆ ನಾವು ಯಾವಾಗಲೂ ಒಂದೇ ಹೆಸರಿನ ರೋಗ ಕೊಟ್ಟಿದ್ದೇವೆ: ವಾಯು. ಆ ಒಂದು ಹೆಸರಿನ ಅಡಿಯಲ್ಲಿ ಎಷ್ಟು ಬೇರೆ ಬೇರೆ ಬೇನೆಗಳು ಅಡಗಿದ್ದವು, ಅವನ್ನು ಬಿಡಿಸಿ ನೋಡಿದವರು ಯಾರು ಎಂಬುದನ್ನು ಬರೆಯಬೇಕೆನಿಸಿತು. ಇದರಲ್ಲಿ ನನ್ನದೊಂದು ತಪ್ಪಿನ ಕಥೆಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಹೆಸರು ಒಂದೇ ಆದದ್ದಕ್ಕೆ ಹಳೆಯ ವೈದ್ಯಶಾಸ್ತ್ರವನ್ನು ದೂರುವುದು ತಕ್ಕುದಲ್ಲ. ಚರಕಸಂಹಿತೆಯು ವಾತರಕ್ತವನ್ನು ಬೇರೆಯಾಗಿಯೇ ವಿವರಿಸಿದೆ. ಸುಮಾರು ಏಳೆಂಟನೆಯ ಶತಮಾನದ ಮಾಧವಕರನು ತನ್ನ ನಿದಾನ ಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು. ಶಾಸ್ತ್ರಕಾರರು ಬಿಡಿಸಿಟ್ಟಿದ್ದನ್ನು ಕೂಡಿಸಿ ಗಂಟು ಕಟ್ಟಿದವರು ನಾವು. ನಮ್ಮ ಮನೆಗಳಲ್ಲಿ ಔಡಲೆಣ್ಣೆ ತಿಕ್ಕಿ, ಎಕ್ಕದ ಎಲೆ ಕಾಯಿಸಿ ಕಟ್ಟುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಕಾಯಿಸಿದ ಕಬ್ಬಿಣದಿಂದ ಚುಟಿಕೆ ಹಾಕಿಸುತ್ತಿದ್ದರು. ಆ ಬರೆಗಳ ಗುರುತು ಇಂದಿಗೂ ಎಷ್ಟೋ ಹಿರಿಯರ ಮೊಣಕಾಲ ಮೇಲಿದೆ.

ಪಶ್ಚಿಮದಲ್ಲಿಯೂ ಈ ಬಿಡಿಸುವಿಕೆ ತಡವಾಗಿಯೇ ಆಯಿತು. ಲಂಡನ್ನಿನ ವೈದ್ಯ ಆಲ್‌ಫ್ರೆಡ್ ಗ್ಯಾರಡ್ 1848 ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದನು. ಆತನ ಪರೀಕ್ಷೆಯನ್ನು ನಮ್ಮ ಹಳ್ಳಿಯ ಶಾಲೆಯಲ್ಲಿಯೂ ಮಾಡಿ ತೋರಿಸಬಹುದಿತ್ತು. ರಕ್ತದ ತಿಳಿಗೆ ಸ್ವಲ್ಪ ಅಸಿಟಿಕ್ ಆಮ್ಲ ಸೇರಿಸಿ, ಅದರೊಳಗೆ ಒಂದು ನೂಲಿನ ಎಳೆಯನ್ನು ಇಳಿಬಿಟ್ಟರೆ, ಗೌಟ್ ಇದ್ದವರ ರಕ್ತದಲ್ಲಿ ಆ ಎಳೆಗೆ ಹರಳುಗಳು ಕಟ್ಟುತ್ತಿದ್ದವು. ಉಳಿದವರ ರಕ್ತದಲ್ಲಿ ಕಟ್ಟುತ್ತಿರಲಿಲ್ಲ. 1859 ರಲ್ಲಿ ಆತನೇ ಇನ್ನೊಂದು ಬೇನೆಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನೂ ಕೊಟ್ಟನು.

ಇನ್ನು ನಮ್ಮ ಸೀಮೆಗೆ ಬರೋಣ. ನಾನು ಚಿಕ್ಕವನಿದ್ದಾಗ ಕಂಡ ಮೊದಲ ಕುಂಟುಗಾಲು ನಮ್ಮ ಸೋದರಮಾವನದು. ಅವರ ಊರು ಹೊಳೆಯಿಂದ ದೂರದ ಒಣ ಊರು. ಮೆಟ್ಟಿಲಿಳಿದು ನೀರು ತುಂಬುವ ಬಾವಿಯೇ ಅವರಿಗೆ ಗತಿ. ಮಾವನ ಮೊಣಕಾಲಿನ ಬಳಿ ನಾರುಹುಣ್ಣು ಎದ್ದಿತ್ತು. ಇಂದಿನ ಮಕ್ಕಳಿಗೆ ಈ ಹೆಸರು ಗೊತ್ತಿರಲಾರದು. ಬಾವಿಯ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜಲಚರಗಳೊಳಗೆ ಈ ಹುಳುವಿನ ಮರಿ ಇರುತ್ತದೆ. ಆ ನೀರನ್ನು ಕುಡಿದ ಸುಮಾರು ಒಂದು ವರ್ಷಕ್ಕೆ, ಮೊಳದುದ್ದಕ್ಕಿಂತಲೂ ಹೆಚ್ಚಾಗಿ ಬೆಳೆದ ನಾರಿನಂತಹ ಹುಳು ಕಾಲಿನ ಚರ್ಮವನ್ನು ಒಡೆದುಕೊಂಡು ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟರಂತೆ ಎಳೆಯಬೇಕು. ನಡುವೆ ಹರಿದರೆ ಕೀವು. ಕೀಲಿನ ಬಳಿ ಹರಿದರೆ ಅಥವಾ ಅಲ್ಲಿಯೇ ಸತ್ತರೆ ಕೀಲು ಬಿಗಿದು ಕಾಲು ಮಡಚಲಾಗದಂತೆ ಆಗುತ್ತದೆ. ಮಾವನಿಗೆ ಆದದ್ದು ಅದೇ. ಆದರೆ ನಾರು ಹೋಗಿ ಹತ್ತು ವರ್ಷವಾದ ಮೇಲೆ ಯಾರಾದರೂ ಕೇಳಿದರೆ ಮನೆಯವರು ಹೇಳುತ್ತಿದ್ದುದು "ಕಾಲಾಗ ವಾಯು ಹೊಕ್ಕೈತಿ" ಎಂದೇ.

ಆ ಹುಳುವಿನಿಂದ ನಮ್ಮನ್ನು ಬಿಡಿಸಿದ್ದರಲ್ಲಿ ಕೊಳವೆಬಾವಿಗಳ ಪಾಲು ದೊಡ್ಡದು. 1967 ರ ಬರಗಾಲದ ನಂತರ ಯುನಿಸೆಫ್ ಸಂಸ್ಥೆಯ ನೆರವಿನಿಂದ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ಭಾರತಕ್ಕೆ ಬಂದವು. 1970 ರ ದಶಕದ ಕೊನೆಗೆ, ನಮ್ಮ ನೆರೆಯ ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಮಾದರಿಯೊಂದನ್ನು ಆಧರಿಸಿ, ಇಂಡಿಯಾ ಮಾರ್ಕ್ 2 ಎಂಬ ಗಟ್ಟಿಮುಟ್ಟಾದ ಕೈಪಂಪು ರೂಪುಗೊಂಡಿತು. ಮುಚ್ಚಿದ ಕೊಳವೆಯ ನೀರಿನಲ್ಲಿ ಯಾರೂ ಕಾಲಿಡಲಾರರು. ಹೀಗಾಗಿ ಹುಳುವಿಗೂ ದಾರಿ ಇಲ್ಲ. ಮೆಟ್ಟಿಲುಬಾವಿಗಳಿಗೆ ಔಷಧಿ ಹಾಕಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿಕೊಟ್ಟರು. 1996 ರ ಜುಲೈ ತಿಂಗಳಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ಭಾರತದ ಕೊನೆಯ ನಾರುಹುಣ್ಣು. 2000 ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಲಸಿಕೆಯೂ ಇಲ್ಲದೆ, ಗುಣಪಡಿಸುವ ಔಷಧಿಯೂ ಇಲ್ಲದೆ, ಬರಿಯ ನೀರಿನ ಶಿಸ್ತಿನಿಂದ ಒಂದು ರೋಗವನ್ನು ದೇಶದಿಂದ ಓಡಿಸಿದ ಈ ಸಂಗತಿಗೆ ಪಠ್ಯಪುಸ್ತಕಗಳಲ್ಲಿ ಹೆಚ್ಚಿನ ಸ್ಥಳ ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಆದರೆ ಕೊಳವೆಯು ಕಲ್ಲಿನೊಳಗೆ ಇಳಿದಿತ್ತು. ನಮ್ಮ ಜಿಲ್ಲೆಯ ಬಹುಭಾಗದ ತಳದಲ್ಲಿರುವ ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ನೀರು ಆ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜವನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಕ್ಷಾರ ಹೆಚ್ಚು ಇದ್ದಲ್ಲಿ ಇನ್ನಷ್ಟು ಕರಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಹಸುಳೆಗಳು ಕುಡಿದರೆ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲ್ಪದರವೇ ಕೆಡುತ್ತದೆ. ಹಲ್ಲು ಹೊರಬರುವಾಗಲೇ ಸುಣ್ಣದಂತಹ ಬಿಳಿ ಮಚ್ಚೆ, ಮುಂದೆ ಹಳದಿ, ಕಂದು ಗೆರೆ. ವರ್ಷಗಟ್ಟಲೆ ಅದನ್ನೇ ಕುಡಿದ ದೊಡ್ಡವರಲ್ಲಿ ಎಲುಬು ದಪ್ಪವಾಗಿ, ಸ್ನಾಯುಬಂಧಗಳು ಸುಣ್ಣಗಟ್ಟಿ, ಬೆನ್ನುಮೂಳೆ ಸೆಟೆಯುತ್ತದೆ. ಮೊದಮೊದಲು ಬರಿಯ ಕೀಲುನೋವು. ವೈದ್ಯರಿಗೂ ಅದು ಸಾಮಾನ್ಯ ಸಂಧಿವಾತದಂತೆಯೇ ಕಾಣುತ್ತದೆ.

ಈಗ ನನ್ನ ತಪ್ಪಿನ ಮಾತು. 1979 ರಲ್ಲಿ ನನ್ನನ್ನು ದೇವದುರ್ಗ ತಾಲ್ಲೂಕಿನ ಒಂದು ಊರಿನ ಪ್ರಾಥಮಿಕ ಶಾಲೆಗೆ ಹಾಕಿದ್ದರು. ನಾನು ದೇವಸುಗೂರಿನವನು, ಕೃಷ್ಣೆಯ ನೀರು ಕುಡಿದು ಬೆಳೆದವನು. ನಮ್ಮ ಓಣಿಯ ಮಕ್ಕಳ ಹಲ್ಲು ಬೇವಿನ ಕಡ್ಡಿಯಲ್ಲಿ ತಿಕ್ಕಿದರೂ ಬೆಳ್ಳಗಿರುತ್ತಿದ್ದವು. ಆ ಊರಿನ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಂಡು, ಇವರಿಗೆ ಶುಚಿತ್ವದ ಪಾಠವೇ ಆಗಿಲ್ಲವೆಂದು ನಾನು ತೀರ್ಮಾನಿಸಿದೆ. ಪ್ರಾರ್ಥನೆಯ ನಂತರ ಸಾಲಾಗಿ ನಿಲ್ಲಿಸಿ ಹಲ್ಲು ತೋರಿಸಲು ಹೇಳುತ್ತಿದ್ದೆ. ಕಂದು ಹಲ್ಲಿನವರನ್ನು ಎಲ್ಲರೆದುರು ಬೈಯುತ್ತಿದ್ದೆ. ಮಾತ್ರವಲ್ಲ, ಇದ್ದಿಲು ಪುಡಿ ಮತ್ತು ಉಪ್ಪನ್ನು ಬೆರೆಸಿ ಪೊಟ್ಟಣ ಕಟ್ಟಿ ಕೊಟ್ಟು, ಬೆಳ್ಳಗಾಗುವ ತನಕ ತಿಕ್ಕಿರೆಂದು ಅಪ್ಪಣೆ ಮಾಡಿದ್ದೆ. ಅದು ತಿಕ್ಕಿದರೆ ಹೋಗುವ ಬಣ್ಣವಲ್ಲವೆಂದು ನನಗೆ ತಿಳಿದಿರಲಿಲ್ಲ. ಮುಂದೆ ಮಾನ್ವಿ ತಾಲ್ಲೂಕಿಗೆ ವರ್ಗವಾದಾಗ, ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ಕುಡಿಯುವ ಊರಿನ ಮಕ್ಕಳ ಹಲ್ಲು ಬೆಳ್ಳಗಿದ್ದುದನ್ನು ನೋಡಿದೆ. ಆಗಲೂ ಹೊಳೆಯಲಿಲ್ಲ. ಆ ಊರಿನ ತಾಯಂದಿರು ಶಿಸ್ತಿನವರೆಂದುಕೊಂಡೆ!

ನನಗೆ ತಿಳಿಯದಿದ್ದುದು ಜಗತ್ತಿಗೆ ಆಗಲೇ ತಿಳಿದಿತ್ತು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901 ರಲ್ಲಿ ಬಂದ ಫ್ರೆಡೆರಿಕ್ ಮೆಕೇ ಎಂಬ ದಂತವೈದ್ಯನೂ ಮಕ್ಕಳ ಕಂದು ಹಲ್ಲುಗಳನ್ನು ಕಂಡಿದ್ದನು. ಆತ ಬೈಯಲಿಲ್ಲ, ಕಾರಣವನ್ನು ಹುಡುಕಿದನು. ಮೂವತ್ತು ವರ್ಷ ಹುಡುಕಿದ ಮೇಲೆ, 1931 ರಲ್ಲಿ ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಯಿತು. ಭಾರತದಲ್ಲಿ 1930 ರ ದಶಕದಲ್ಲಿಯೇ ನಮ್ಮದೇ ಆಗಿದ್ದ ಹೈದರಾಬಾದ್ ಸಂಸ್ಥಾನದ ಕೆಲವೆಡೆ ದನಕರುಗಳ ಎಲುಬು ಕೆಡುವ ಬೇನೆಯನ್ನು ಪಶುವೈದ್ಯರು ಗುರುತಿಸಿದ್ದರು. 1937 ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಮನುಷ್ಯರ ಬೆನ್ನು ಸೆಟೆಯುವ ಬೇನೆಗೂ ಬಾವಿನೀರಿನ ಫ್ಲೋರೈಡಿಗೂ ಇರುವ ಸಂಬಂಧವನ್ನು ವಿವರಿಸಿ ಪ್ರಕಟಿಸಿದರು. ಅಂದರೆ ನಾನು ಇದ್ದಿಲು ಪೊಟ್ಟಣ ಕಟ್ಟುವುದಕ್ಕೆ ನಲವತ್ತು ವರ್ಷಕ್ಕೂ ಮುಂಚೆ! ಶಿಕ್ಷಕರ ತರಬೇತಿಯಲ್ಲಿ ನಮಗೆ ಯಾರೂ ಇದನ್ನು ಹೇಳಲಿಲ್ಲ ಎಂಬುದು ನಿಜ. ನಾನೂ ಯಾರನ್ನೂ ಕೇಳಲಿಲ್ಲ ಎಂಬುದೂ ಅಷ್ಟೇ ನಿಜ.

1986 ರಲ್ಲಿ ಕೇಂದ್ರ ಸರಕಾರವು ಕುಡಿಯುವ ನೀರಿನ ತಂತ್ರಜ್ಞಾನ ಮಿಷನ್ ಆರಂಭಿಸಿ, ನಾರುಹುಣ್ಣು ನಿರ್ಮೂಲನೆ ಮತ್ತು ಫ್ಲೋರೋಸಿಸ್ ನಿಯಂತ್ರಣ ಎರಡನ್ನೂ ಅದರಡಿ ತಂದಿತು. ಕೆಲವು ವರ್ಷಗಳ ನಂತರ ಒಂದು ದಿನ, ಬಾಟಲಿಗಳನ್ನು ಹಿಡಿದು ನೀರಿನ ಮಾದರಿ ಸಂಗ್ರಹಿಸುತ್ತಿದ್ದ ಆರೋಗ್ಯ ಸಹಾಯಕರೊಬ್ಬರು ಬಸ್ ನಿಲ್ದಾಣದಲ್ಲಿ ಮಾತಿಗೆ ಸಿಕ್ಕರು. "ಮಾಸ್ತರ್ರೇ, ನಿಮ್ಮ ಹುಡುಗರ ಹಲ್ಲು ನೋಡಿದ್ರ ಸಾಕು, ಪ್ರಯೋಗಾಲಯ ಬೇಕಾಗಿಲ್ಲ" ಎಂದರು. ಆ ಮಾತು ನನಗೆ ಎಷ್ಟು ನಾಟಿತೆಂಬುದು ಅವರಿಗೆ ತಿಳಿಯಲಿಲ್ಲ. ಕೆಲವು ಪಂಪುಗಳಿಗೆ ಕೆಂಪು ಬಣ್ಣ ಬಳಿದರು. ಆದರೆ ಮುಂದಿನ ಪಂಪು ಎರಡು ಮೈಲಿ ದೂರವಿದ್ದರೆ ಕೆಂಪು ಬಣ್ಣ ಏನು ಮಾಡೀತು? ಜನ ಅದನ್ನೇ ತುಂಬುತ್ತಿದ್ದರು.

ಈ ಸಂಶೋಧನೆಯ ಚರಿತ್ರೆಯಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಕೆ. ಎ. ವಿ. ಆರ್. ಕೃಷ್ಣಮಾಚಾರಿ ಎಂಬ ವಿಜ್ಞಾನಿಯ ಹೆಸರು ನನಗೆ ವಿಶೇಷವಾಗಿ ಕಂಡಿದೆ. ನಮ್ಮೂರನ್ನು ದಾಟಿ ಹರಿದ ಇದೇ ಕೃಷ್ಣೆಗೆ ಕೆಳಗೆ ನಾಗಾರ್ಜುನಸಾಗರದ ಅಣೆಕಟ್ಟು ಕಟ್ಟಿದ ಮೇಲೆ, ಆ ಭಾಗದ ಫ್ಲೋರೈಡ್ ಸೀಮೆಯ ಹರೆಯದ ಮಕ್ಕಳಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹೊಸ ವಿಕಾರ ಕಾಣಿಸಿಕೊಂಡಿತು. 1973 ರಲ್ಲಿ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಜಲಾಶಯದ ಬಸಿನೀರಿನಿಂದ ಅಂತರ್ಜಲ ಏರಿ, ಮಣ್ಣಿನ ಗುಣ ಬದಲಾಗಿ, ಅಲ್ಲಿ ಬೆಳೆದ ಜೋಳದಲ್ಲಿ ಮಾಲಿಬ್ಡಿನಮ್ ಎಂಬ ಧಾತು ಹೆಚ್ಚಿ, ದೇಹದ ತಾಮ್ರದ ಅಂಶ ಕುಂದಿ ಹೀಗಾಗಿರಬಹುದೆಂದು ಆ ಸಂಸ್ಥೆಯವರು ಶಂಕಿಸಿದರು. ರೊಟ್ಟಿಯುಣ್ಣುವ ನಮ್ಮ ಸೀಮೆಯವರು ಇದನ್ನು ಓದಿದರೆ ಗಾಬರಿಯಾದೀತು. ಜೋಳವನ್ನು ದೂರಬೇಕಾಗಿಲ್ಲ. ಅಲ್ಲಿಯೂ ಮೂಲ ದೋಷ ನೀರಿನದೇ ಆಗಿತ್ತು.

ಅದೇ ಹೊತ್ತಿಗೆ, 1970 ರ ದಶಕದ ನಡುವಿನಲ್ಲಿ, ಮಲೆನಾಡಿನ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಿಂದ ಬೇರೊಂದು ಸುದ್ದಿ ಬಂದಿತು. ಸೊಂಟ ಮತ್ತು ಮೊಣಕಾಲುಗಳ ಕೀಲು ಸವೆದು, ವಯಸ್ಸಾಗುವ ಮೊದಲೇ ಜನ ನಡೆಯಲಾಗದೆ, ಕೆಲವರು ತೆವಳುವ ಸ್ಥಿತಿಗೆ ಬಂದಿದ್ದರು. ಕೆಲವರು ಕುಬ್ಜರಾಗಿಯೇ ಉಳಿದಿದ್ದರು. ರೋಗಿಗಳಲ್ಲಿ ಬಹುತೇಕರು ಚೆನ್ನಂಗಿ, ಛಲವಾದಿ ಸಮುದಾಯಗಳ ಬಡ ಕೂಲಿಕಾರರು. ಗದ್ದೆಗೆ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ ಅದು. ಗದ್ದೆಯ ಏಡಿಗಳನ್ನು ತಿಂದುದರಿಂದ ವಿಷವೇರಿದೆ ಎಂಬ ಮಾತು ಎಲ್ಲೆಡೆ ಹಬ್ಬಿತು. ನಾನೂ ಅದನ್ನೇ ನಂಬಿದ್ದೆ, ಪಾಠದಲ್ಲಿ ಹೇಳಿಯೂ ಇದ್ದೆ.

ಕೃಷ್ಣಮಾಚಾರಿಯವರು ಅಲ್ಲಿಗೂ ಹೋದರು, ರಮೇಶ ವಿ. ಭಟ್ ಅವರೊಡನೆ. 1977 ರಲ್ಲಿ ಅವರಿಬ್ಬರು ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲಿಯೇ ಈ ಬೇನೆಗೆ ಮಲೆನಾಡಿನ ಕೌಟುಂಬಿಕ ಸಂಧಿವಾತವೆಂಬ ಅರ್ಥದ ಹೆಸರಿದೆ. ರೋಗ ಓಣಿಯನ್ನಲ್ಲ, ಮನೆತನವನ್ನು ಹಿಡಿದು ಸಾಗುತ್ತಿತ್ತು. ಮುಂದೆ ಲಖನೌದ ಎಸ್. ಎಸ್. ಅಗರ್‌ವಾಲ್ ಮೊದಲಾದ ತಳಿವಿಜ್ಞಾನಿಗಳು ಕುಟುಂಬಗಳ ವಂಶಾವಳಿಯನ್ನೂ ಎಕ್ಸ್‌ರೇಗಳನ್ನೂ ಪರಿಶೀಲಿಸಿದರು. ಇದು ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷ, ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದಾದಂಥದು ಎಂಬ ತಿಳಿವಳಿಕೆ ಮೂಡಿತು. ಒಬ್ಬರೇ ವಿಜ್ಞಾನಿ ನಾಲ್ಕು ವರ್ಷಗಳ ಅಂತರದಲ್ಲಿ, ಮೊಣಕಾಲು ಕೆಟ್ಟ ಎರಡು ಸೀಮೆಯ ಬಡವರ ಬಳಿ ಹೋಗಿ, ಒಂದು ಕಡೆ ನೀರನ್ನು, ಇನ್ನೊಂದು ಕಡೆ ಮನೆತನವನ್ನು ಗುರುತಿಸಿದ್ದು ನನಗೆ ಬಹು ದೊಡ್ಡ ಸಂಗತಿಯಾಗಿ ತೋರುತ್ತದೆ. ಮೊದಲ ಊರಿನ ಉತ್ತರವನ್ನೇ ಎರಡನೆಯ ಊರಿಗೂ ಅಂಟಿಸಿ ಅವರು ಮರಳಲಿಲ್ಲ.

2006 ರ ಚಿಕುನ್‌ಗುನ್ಯವನ್ನು ನನ್ನ ಓದುಗರಿಗೆ ನೆನಪಿಸಬೇಕಾಗಿಲ್ಲ. ಆ ವರ್ಷ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ನಮ್ಮ ಮನೆಯಲ್ಲಿ ನಾಲ್ವರೂ ಗೋಡೆ ಹಿಡಿದು ನಡೆದೆವು. ಮೈ ಬಾಗಿಸುವಂಥದು ಎಂಬುದೇ ಪೂರ್ವ ಆಫ್ರಿಕದ ಮಕೊಂಡೆ ಭಾಷೆಯಲ್ಲಿ ಆ ಪದದ ಅರ್ಥ. ಸೊಳ್ಳೆಯಿಂದ ಬಂದ ಆ ಜ್ವರ ಬಿಟ್ಟು ತಿಂಗಳುಗಳು ಕಳೆದರೂ ಬಿಡದ ನೋವಿಗೆ ನಮ್ಮ ಓಣಿಯಲ್ಲಿ ಆಗಲೂ ವಾಯು ಎಂದೇ ಅಂದರು.

ಔಷಧಿಯ ಚರಿತ್ರೆಯಲ್ಲಿ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. 1948 ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನು ಆಮವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳಿಗೆ ಕಾರ್ಟಿಸೋನ್ ಚುಚ್ಚಿದನು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950 ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಬಹುಕಾಲ ಕೊಟ್ಟರೆ ಮುಖ ಊದುವುದು, ಎಲುಬು ಟೊಳ್ಳಾಗುವುದು, ಸಕ್ಕರೆ ಏರುವುದು ಎಂಬುದೂ ಬೇಗನೆ ಗೊತ್ತಾಯಿತು. ಎರಡು ದಿನದಲ್ಲಿ ಪವಾಡದಂತೆ ನೋವು ಇಳಿಸುವ ಹೆಸರಿಲ್ಲದ ಗುಳಿಗೆಯನ್ನು ಯಾರಾದರೂ ಕೊಟ್ಟರೆ, ಅದರಲ್ಲಿ ಈ ಜಾತಿಯ ಸ್ಟಿರಾಯ್ಡ್ ಇರಬಹುದೆಂದು ಅನುಮಾನಿಸಿರಿ. ನನ್ನ ವಿದ್ಯಾರ್ಥಿಯ ತಾಯಿಯವರ ಮುಖವೂ ಊದಿಕೊಂಡಿತ್ತು.

ಎರಡನೆಯದು ಭೀಮಾವರಂ ಎಂಬ ಊರಿನಲ್ಲಿ 1895 ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರದು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ತಯಾರಿಸಿದ ಅಮೈನಾಪ್ಟೆರಿನ್ ಮೊದಲು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಕೆಯಾಯಿತು. 1951 ರಲ್ಲಿ ಅದನ್ನು ಆಮವಾತಕ್ಕೆ ಕೊಟ್ಟು ನೋಡಿದರು. ಅದರ ಸೋದರ ಔಷಧಿ ಮೆಥೊಟ್ರೆಕ್ಸೇಟ್ 1988 ರಲ್ಲಿ ಅಮೆರಿಕದಲ್ಲಿ ಆ ರೋಗಕ್ಕೆ ಒಪ್ಪಿಗೆ ಪಡೆಯಿತು, ಇಂದಿಗೂ ಮೊದಲ ಸಾಲಿನ ಔಷಧಿ ಅದೇ. ವೈದ್ಯರು ಇದನ್ನು ಬರೆದುಕೊಟ್ಟರೆ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಮನೆಯಲ್ಲಿ ಹಿರಿಯರಿರುವ ನನ್ನ ಶಿಷ್ಯರು ಗಮನಿಸಬೇಕಾದ್ದು ಇಷ್ಟು. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಸಣ್ಣ ಕೀಲುಗಳು ಊದಿ, ಒಂದು ತಾಸಿಗೂ ಹೆಚ್ಚು ಬಿಗಿದಿದ್ದರೆ ಅದು ಆಮವಾತವಿರಬಹುದು. ಅಲ್ಲಿ ತಡ ಮಾಡಿದಷ್ಟೂ ಕೀಲು ಸೊಟ್ಟಾಗುತ್ತದೆ, ತಜ್ಞರ ಬಳಿ ಬೇಗ ಹೋಗಬೇಕು. ಕುಳಿತು ಎದ್ದಾಗ, ಮೆಟ್ಟಿಲಿಳಿಯುವಾಗ ನೋಯುವ ವಯಸ್ಸಾದವರ ಮೊಣಕಾಲು ಬಹುಮಟ್ಟಿಗೆ ಸವೆತದ್ದು. ನನ್ನವ್ವನದು ಅದೇ ಆಗಿತ್ತು. ಹೊಳೆಯಿಂದ ಕೊಡ ಹೊತ್ತು ಏರಿದ ಕಾಲುಗಳು ಅವು. ಅಂಥವರನ್ನು ಹಾಸಿಗೆಯಲ್ಲಿ ಕೂಡಿಸುವುದು ತಪ್ಪು. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೀಳವಾಗಿ ಚಾಚಿ, ಎತ್ತಿ ಹಿಡಿದು ಇಳಿಸುವ ಸರಳ ವ್ಯಾಯಾಮದಿಂದ ತೊಡೆಯ ಸ್ನಾಯು ಬಲಗೊಂಡು ಮೊಣಕಾಲಿನ ಭಾರ ತಗ್ಗುತ್ತದೆ. ಮೈಭಾರ ಕಡಿಮೆಯಾದರೆ ಇನ್ನೂ ಒಳ್ಳೆಯದು. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ನಮ್ಮವರು ನೋವಿನ ಬದಿಯಲ್ಲಿಯೇ ಹಿಡಿಯುತ್ತಾರೆ. ನೋವಿನ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡಗಳು ಕೆಡುತ್ತವೆ.

ಫ್ಲೋರೋಸಿಸ್‌ಗೆ ಮಾತ್ರ ಮೊದಲ ಔಷಧಿ ಬೇರೆ ನೀರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆರಿದಂತೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ನಾಗಪುರದ ಸಂಸ್ಥೆಯವರು ಸ್ಫಟಿಕ ಮತ್ತು ಸುಣ್ಣ ಬೆರೆಸಿ ಶುದ್ಧಗೊಳಿಸುವ ನಲಗೊಂಡ ವಿಧಾನವನ್ನು ರೂಪಿಸಿದ್ದಾರೆ, ಆದರೆ ದಿನವೂ ಅಳತೆ ತಪ್ಪದೆ ಮಾಡುವುದು ಹಳ್ಳಿಯ ಮನೆಗಳಿಗೆ ಸುಲಭವಲ್ಲ. ಹೊಳೆಯ ನೀರೋ ಮಳೆಯ ನೀರೋ ಸಿಕ್ಕರೆ ಅದೇ ಲೇಸು. ಜೊತೆಗೆ ಹಾಲು, ಮಜ್ಜಿಗೆ, ನೆಲ್ಲಿಕಾಯಿ, ಸೊಪ್ಪು. ಸೆಟೆದ ಬೆನ್ನು ಮೊದಲಿನಂತೆ ಆಗಲಾರದು. ಮೊಮ್ಮಕ್ಕಳ ಹಲ್ಲುಗಳನ್ನಾದರೂ ಉಳಿಸಬಹುದು.

ಆ ಸೋಮವಾರ, ಅವರು ಹೊರಡುವ ಮೊದಲು 1979 ರ ಆ ಹಲ್ಲಿನ ಸಾಲನ್ನು ನಾನೇ ನೆನಪಿಸಿದೆ. ಆತನೂ ಆ ಸಾಲಿನಲ್ಲಿ ನಿಂತವನೇ. "ತಪ್ಪು ನನ್ನದಿತ್ತಪ್ಪ, ನಿಮ್ಮದಲ್ಲ" ಎಂದೆ. ಆತ ನಕ್ಕ. ನಲವತ್ತು ವರ್ಷಗಳ ಮೇಲೆಯೂ ಅದೇ ಕಂದು ಗೆರೆಗಳು.

"ಬೈದಿದ್ದು ನೆನಪಿಲ್ರಿ ಸರ. ಇದ್ದಿಲು ಪುಡಿ ನೆನಪೈತಿ. ಒಸಡಿನಾಗ ರಕ್ತ ಬರೋತನಕ ತಿಕ್ಕತಿದ್ದೆ, ನೀವು ಶಾಬಾಸ್ ಅಂತೀರಿ ಅಂತ."

ನನಗೆ ಮಾತು ಹೊರಡಲಿಲ್ಲ. ಆ ಹಿರಿಯರು ಏನಾಯಿತೆಂದು ನೋಡಲು ಇಡೀ ಮೈಯನ್ನು ತಿರುಗಿಸಿದರು. ಹೋಗುವಾಗ ಆತ ನಮ್ಮ ನಳದಲ್ಲಿ ಎರಡು ಕ್ಯಾನು ನೀರು ತುಂಬಿಕೊಂಡು ಹೋದ.